ಹಳೆಯ ನಾಣ್ಯದ ಬೆಲೆ

ಹಳೆಯ ನಾಣ್ಯ, ನೋಟುಗಳನ್ನು ಸಂಗ್ರಹಿಸುವವನನ್ನು ಕಂಡೊಡನೆ ಜನರು ಕೇಳುವ ಮೊದಲ ಪ್ರಶ್ನೆ, "ಇದಕ್ಕೆ ಈಗ ಎಷ್ಟು ಬರುತ್ತದೆ?" ಎಂಬುದು. ಪ್ರಶ್ನೆ ಸಹಜವಾದುದೇ. ಆದರೆ ನಾಣ್ಯಕ್ಕೆ ಮೂರು ಬಗೆಯ ಬೆಲೆಗಳಿವೆ: ಲೋಹದ ಬೆಲೆ, ಸಂಗ್ರಾಹಕರು ಕೊಡುವ ಬೆಲೆ ಹಾಗೂ ಅದು ಹೇಳುವ ಚರಿತ್ರೆಯ ಬೆಲೆ. ಮೊದಲನೆಯದನ್ನಷ್ಟೇ ಬಲ್ಲವರು ಉಳಿದೆರಡನ್ನೂ ಕಳೆದುಕೊಳ್ಳುತ್ತಾರೆ.

ನನಗೆ ಈ ಹವ್ಯಾಸ ಅಂಟಿದ್ದು ಮಠದಲ್ಲಿ ಸಂಸ್ಕೃತಾಭ್ಯಾಸ ಮಾಡುತ್ತಿದ್ದ ದಿನಗಳಲ್ಲಿ. ಜಾತ್ರೆ ಮುಗಿದ ಮೇಲೆ ಕಾಣಿಕೆಯ ಹಣವನ್ನು ಎಣಿಸುವ ಕೆಲಸ ವಿದ್ಯಾರ್ಥಿಗಳಾದ ನಮ್ಮ ಪಾಲಿಗೆ ಬರುತ್ತಿತ್ತು. ಆ ರಾಶಿಯಲ್ಲಿ ನಡುವೆ ತೂತುಳ್ಳ ತಾಮ್ರವರ್ಣದ ಹಳೆಯ ಪೈಸೆಗಳು ಒಂದೆರಡು ಸಿಗುತ್ತಿದ್ದವು. ಲೆಕ್ಕಕ್ಕೆ ಬಾರದ ಅವುಗಳನ್ನು ಕಾರ್ಯಸ್ಥರು ನನ್ನ ಕೈಗಿಡುತ್ತಿದ್ದರು. ರೂಪಾಯಿಗೆ 16 ಆಣೆ, 64 ಪೈಸೆ, 192 ಪೈ ಎಂಬ ಲೆಕ್ಕವು 1957ರ ಏಪ್ರಿಲ್ 1ರಿಂದ 100 ನಯಾ ಪೈಸೆಯಾಗಿ ಬದಲಾದ ಕಥೆಯನ್ನು ನಾನು ಅರಿತದ್ದು ಆ ತೂತಿನ ಪೈಸೆಗಳಿಂದ.

ನಾಣ್ಯವು ನಿಲ್ಲುವುದು ಜನರ ನಂಬಿಕೆಯ ಮೇಲೆ. ಕೆಳದಿಯ ಅರಸರ ಇಕ್ಕೇರಿ ವರಹದ ಒಂದು ಮುಖದಲ್ಲಿ ಶಿವಪಾರ್ವತಿಯರ ಚಿತ್ರವಿದೆ. 1763ರಲ್ಲಿ ಹೈದರ್ ಅಲಿ ಬಿದನೂರನ್ನು ಗೆದ್ದುಕೊಂಡನು. ತನ್ನ ವರಹಗಳಲ್ಲಿಯೂ ಅವನು ಶಿವಪಾರ್ವತಿಯರನ್ನು ಉಳಿಸಿಕೊಂಡು, ಹಿಂಬದಿಯಲ್ಲಿ ಮಾತ್ರ ತನ್ನ ಹೆಸರಿನ ಮೊದಲ ಪಾರ್ಸಿ ಅಕ್ಷರವನ್ನು ಒತ್ತಿಸಿದನು. ರಾಜ್ಯ ಕೈಬದಲಾದರೂ ಸಂತೆಯ ವ್ಯಾಪಾರಿಗೆ ಪರಿಚಿತವಾದ ಮುದ್ರೆ ಬದಲಾಗಲಿಲ್ಲ. ಸುಮಾರು 3.4 ಗ್ರಾಂ ಚಿನ್ನದಲ್ಲಿ ಇಷ್ಟೊಂದು ಇತಿಹಾಸ ಅಡಗಿದೆ.

ನಮ್ಮ ಮನೆಗಳಲ್ಲಿರುವ ಬೆಳ್ಳಿಯ ರೂಪಾಯಿಗಳದೂ ಅಂಥದೇ ಕಥೆ. ಅವುಗಳ ತೂಕ 11.66 ಗ್ರಾಂ. 1939ರವರೆಗಿನವುಗಳಲ್ಲಿ 12ರಲ್ಲಿ 11 ಪಾಲು ಬೆಳ್ಳಿಯಿತ್ತು. ಯುದ್ಧಕಾಲದಲ್ಲಿ, 1940ರಿಂದ, ಅದು ಅರ್ಧಕ್ಕಿಳಿಯಿತು. 1947ರ ರೂಪಾಯಿಯಂತೂ ನಿಕ್ಕಲಿನದು. ನನ್ನ ಸೋದರತ್ತೆಯವರು ತವರಿನಿಂದ ತಂದಿದ್ದ ಇಂಥ ರೂಪಾಯಿಗಳನ್ನು ಅವರ ಕಾಲಾನಂತರ ಮಕ್ಕಳು ಅಕ್ಕಸಾಲಿಗನಿಗೆ ತೂಕಕ್ಕೆ ಕೊಟ್ಟು ಕಾಲ್ಗೆಜ್ಜೆ ಮಾಡಿಸಿದರು. ಗೆಜ್ಜೆ ಸವೆದರೆ ಮತ್ತೆ ಮಾಡಿಸಬಹುದು. ಅವರು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಬಂದ ಆ ನಾಣ್ಯಗಳನ್ನು ಯಾರು ತಾನೆ ಮರಳಿ ತಂದಾರು?

ಇನ್ನು ಸಂಗ್ರಾಹಕರ ಬೆಲೆ. ನಾಣ್ಯ ಹಳೆಯದಾದ ಮಾತ್ರಕ್ಕೆ ಅದು ಹೆಚ್ಚುವುದಿಲ್ಲ. ಎಷ್ಟು ಅಪರೂಪ, ಎಷ್ಟು ಸವೆಯದೆ ಉಳಿದಿದೆ, ಯಾವ ಟಂಕಸಾಲೆಯದು ಎಂಬುದನ್ನು ನೋಡುತ್ತಾರೆ. ಇಂದಿನ ನಾಣ್ಯಗಳಲ್ಲಿಯೂ ಇಸವಿಯ ಕೆಳಗೆ ವಜ್ರಾಕೃತಿಯಿದ್ದರೆ ಮುಂಬಯಿ, ನಕ್ಷತ್ರವಿದ್ದರೆ ಹೈದರಾಬಾದು, ಚುಕ್ಕೆಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಮಕ್ಕಳಿಗೆ ಇದೊಂದು ಸೊಗಸಾದ ಆಟವಾದೀತು. ದೀಪಾವಳಿಗೆ ಹುಣಸೆಹಣ್ಣು ಹಚ್ಚಿ ಹಳೆಯ ನಾಣ್ಯಗಳನ್ನು ಉಜ್ಜುವ ತಾಯಂದಿರು ದಯವಿಟ್ಟು ಅದನ್ನು ನಿಲ್ಲಿಸಬೇಕು. ಹೊಳಪು ಬರುವುದು ನಿಜ, ಆದರೆ ಮೇಲ್ಮೈ ಸವೆದು ಬೆಲೆ ಇಳಿಯುತ್ತದೆ. ನೋಟುಗಳನ್ನು ಮಡಿಸಲೂ ಬಾರದು, ಅಂಟಿಸಲೂ ಬಾರದು.

ಕಾನೂನನ್ನೂ ತಿಳಿದಿರುವುದು ಲೇಸು. 2016ರ ನವೆಂಬರಿನಲ್ಲಿ ರದ್ದಾದ 500, 1000 ರೂಪಾಯಿಗಳ ನೋಟುಗಳನ್ನು 2017ರ ಕಾಯಿದೆಯಂತೆ ಒಬ್ಬರು ಒಟ್ಟು 10ಕ್ಕಿಂತ ಹೆಚ್ಚಾಗಿ ಇಟ್ಟುಕೊಳ್ಳುವಂತಿಲ್ಲ. ಅಧ್ಯಯನಕ್ಕಾಗಿಯಾದರೆ 25ರವರೆಗೆ ಅವಕಾಶವಿದೆ. ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆಂದು ಮುಂಗಡ ಶುಲ್ಕ ಕೇಳುವವರನ್ನು ನಂಬಬೇಡಿರಿ. ಇಂಥ ವ್ಯವಹಾರ ತನ್ನದಲ್ಲವೆಂದು ರಿಸರ್ವ್ ಬ್ಯಾಂಕು 2021ರಲ್ಲಿಯೇ ಸ್ಪಷ್ಟಪಡಿಸಿದೆ.

ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಒಂದು ಹಳೆಯ ನಾಣ್ಯವಿದ್ದರೆ ಅದು ಯಾರದು, ಹೇಗೆ ಬಂತು ಎಂಬುದನ್ನು ಹಿರಿಯರಿರುವಾಗಲೇ ಕೇಳಿ, ಚೀಟಿಯಲ್ಲಿ ಬರೆದು ಜೊತೆಗಿಡಿರಿ. ಪೇಟೆಯ ಬೆಲೆ ಏರಿಳಿಯಬಹುದು. ಆ ಚೀಟಿಯಿಲ್ಲದ ನಾಣ್ಯವು ಮೊಮ್ಮಕ್ಕಳ ಪಾಲಿಗೆ ಬರಿಯ ಬೆಳ್ಳಿಯ ಬಿಲ್ಲೆ.