ಗಾಳಿಯ ನಾಡಿನಲ್ಲಿ ಗಾಲಿಸವಾರಿ

ಹಾಲೆಂಡಿನಲ್ಲಿ ಬೆಟ್ಟಗಳಿಲ್ಲವೆಂದೇ ಹೇಳಬೇಕು. ಬೆಟ್ಟದ ಕೆಲಸವನ್ನು ಅಲ್ಲಿ ಗಾಳಿಯೇ ಮಾಡುತ್ತದೆ. ಕಡಲ ಕಡೆಯಿಂದ ಬೀಸುವ ಆ ಗಾಳಿಗೆ ಎದುರಾಗಿ ತುಳಿಯುವ ಮುದಿ ಮೊಣಕಾಲು ಬಹುಬೇಗ ಸೋಲೊಪ್ಪುತ್ತದೆ. ಜನರಿಗಿಂತ ಸೈಕಲ್ಲುಗಳೇ ಹೆಚ್ಚಾಗಿರುವ ಆ ನಾಡಿನ ವೃದ್ಧರು ವಿದ್ಯುತ್ ಸೈಕಲ್ಲಿಗೆ ಒಲಿದುದರಲ್ಲಿ ಆಶ್ಚರ್ಯವೇನು?

ಡೆಲ್ಫ್ಟಿನಲ್ಲಿರುವ ಮಗಳ ಮನೆಗೆ ಹೊರಟ ಬೆಂಗಳೂರಿನ ನಿವೃತ್ತರೊಬ್ಬರಿಗೆ ತಮ್ಮ ವಿದ್ಯುತ್ ಸೈಕಲ್ಲನ್ನೂ ಕೊಂಡೊಯ್ಯುವ ಆಸೆ. ಅದರ ದೇಹಕ್ಕೆ ವಿಮಾನದಲ್ಲಿ ಸ್ಥಳ ದೊರೆತೀತು, ಪ್ರಾಣಕ್ಕೆ ದೊರೆಯದು. ಪ್ರಯಾಣಿಕರ ವಿಮಾನಕ್ಕೆ 160 ವ್ಯಾಟ್-ಗಂಟೆ ಮೀರಿದ ಸೈಕಲ್ ಬ್ಯಾಟರಿ ನಿಷಿದ್ಧ. ಸಾಮಾನ್ಯ ವಿದ್ಯುತ್ ಸೈಕಲ್ಲಿನದು 300ರಿಂದ 600! ಲಿಥಿಯಂ ಬ್ಯಾಟರಿ ಬಿಸಿಯೇರಿ ಹೊತ್ತಿಕೊಂಡರೆ, ಆ ಬೆಂಕಿಯನ್ನು ಆಕಾಶಮಧ್ಯದಲ್ಲಿ ಆರಿಸುವುದು ಸುಲಭವಲ್ಲ. ಬ್ಯಾಟರಿಯನ್ನು ಮನೆಯಲ್ಲೇ ಬಿಟ್ಟು ಹೋಗೋಣವೆಂದರೆ, ಇಲ್ಲಿಯ ಸೈಕಲ್ಲಿಗೆ ಅಲ್ಲಿಯ ಬ್ಯಾಟರಿ ಹೊಂದೀತೆಂಬ ಭರವಸೆಯಿಲ್ಲ. ಹೊಂದದಿದ್ದರೆ ಉಳಿಯುವುದು ತುಳಿಯಲಾರದ ಭಾರ.

ಅಲ್ಲಿಯೇ ಕೊಳ್ಳುವುದು ಲೇಸು. ಹೊಸದರ ಬೆಲೆ ಸಾವಿರ ಯೂರೋಗಳನ್ನು ಸುಲಭವಾಗಿ ದಾಟುತ್ತದೆ. ಒಂದೆರಡು ವಾರದ ಅತಿಥಿಗೆ ಬಾಡಿಗೆಯೇ ಸಾಕು. ಹಳೆಯದನ್ನು ಕೊಳ್ಳುವವರು ಅಂಗಡಿಯಲ್ಲಿ ರಸೀದಿಯೊಡನೆ ಕೊಳ್ಳಬೇಕು. ಬೀದಿಯಲ್ಲಿ ಅಗ್ಗಕ್ಕೆ ದೊರೆತದ್ದು ಕದ್ದ ಮಾಲಾಗಿರುವುದುಂಟು. ಸೈಕಲ್ ಕಳವು ಆ ಸಭ್ಯ ನಾಡಿನ ಹಳೆಯ ರೋಗ. ಮೋಟಾರಿನ ನೆರವು ಗಂಟೆಗೆ 25 ಕಿಲೋಮೀಟರಿನವರೆಗೆ ಮಾತ್ರ. ಅದರಾಚೆ ಕಾಲೇ ಗತಿ.

ನಿವೃತ್ತರು ಕೊನೆಗೆ ಬಾಡಿಗೆಯದನ್ನೇ ಹಿಡಿದರು. ಸಂಜೆ ಸ್ಕೇವನಿಂಗನ್ ಕಡಲತೀರದತ್ತ ತಂದೆ-ಮಗಳ ಸವಾರಿ. ಎದುರುಗಾಳಿಯಲ್ಲಿ ಬರಿಯ ಸೈಕಲ್ಲಿನ ಮಗಳು ಏದುಸಿರು ಬಿಡುತ್ತ ಹಿಂದುಳಿದಳು. ಎಪ್ಪತ್ತರ ತಂದೆ ಮುಂದಿನ ತಿರುವಿನಲ್ಲಿ ಕಾಲೂರಿ ಅವಳಿಗಾಗಿ ಕಾಯುತ್ತಿದ್ದರು.