ಅವ್ವನ ಮರೆವು, ನಮ್ಮ ರಕ್ತ

ಮರೆವು ಮೊದಲು ಒಯ್ದದ್ದು ಅವ್ವನ ಮರಾಠಿಯನ್ನು. ಧಾರವಾಡದಿಂದ ಪುಣೆಗೆ ಬಂದ ಮೇಲೆ ಕಾಯಿಪಲ್ಲೆ ಮಾರುವವರೊಡನೆ ಚೌಕಾಸಿ ಮಾಡುತ್ತ ಕಲಿತ ಭಾಷೆ ಅದು. 76ರ ಈ ವಯಸ್ಸಿನಲ್ಲಿ ನೆರೆಮನೆಯ ಕಾಕೂಗೂ ಆಕೆ ಕನ್ನಡದಲ್ಲಿಯೇ ಉತ್ತರಿಸುತ್ತಾಳೆ. ನರರೋಗ ತಜ್ಞರು ಮರಾಠಿಯಲ್ಲಿ ಕೇಳಿದ ಪ್ರಶ್ನೆಗಳಿಗೆ ಸುಮ್ಮನಿದ್ದವಳು, ನಾನು ಕನ್ನಡದಲ್ಲಿ ಕೇಳಿದಾಗ ವಾರ, ತಿಂಗಳು ಎರಡನ್ನೂ ಸರಿಯಾಗಿ ಹೇಳಿದಳು. ಐದು ನಿಮಿಷದ ಹಿಂದೆ ಹೇಳಿಕೊಟ್ಟ ಮೂರು ಪದಗಳು ಮಾತ್ರ ಯಾವ ಭಾಷೆಯಲ್ಲೂ ಮರಳಲಿಲ್ಲ.

ಬೆಂಗಳೂರಿನಿಂದ ತಂಗಿ ಫೋನು ಮಾಡಿದಳು: “ಅಣ್ಣಾ, ಅವ್ವಂದು ಜೀನ್ ಟೆಸ್ಟ್ ಮಾಡಿಸಿಬಿಡೋಣ. ಖಾತ್ರಿ ಆಗ್ತದ.”

ಖಾತ್ರಿ ಎಂಬ ಪದವೇ ಇಲ್ಲಿ ತೊಡಕಿನದು. ಎಪಿಪಿ, ಪ್ರೆಸೆನಿಲಿನ್-1, ಪ್ರೆಸೆನಿಲಿನ್-2 ಎಂಬ ಮೂರು ವಂಶವಾಹಿಗಳಲ್ಲಿ ರೋಗ ತರುವ ದೋಷವಿದ್ದರೆ ಅಲ್‌ಝೈಮರ್ ಹೆಚ್ಚುಕಡಿಮೆ ನಿಶ್ಚಿತ. ಮಕ್ಕಳಿಗೂ ಅದು ದಾಟುವ ಸಂಭವ ಅರ್ಧಕ್ಕರ್ಧ. ಆದರೆ ಅಂಥ ಕುಟುಂಬಗಳು ಬಹು ವಿರಳ, ರೋಗವೂ ಸಾಮಾನ್ಯವಾಗಿ 65ಕ್ಕೆ ಮೊದಲೇ ಕಾಣಿಸಿಕೊಳ್ಳುತ್ತದೆ. ನಮ್ಮ ಮನೆತನದಲ್ಲಿ ಅದರ ಸುಳಿವಿಲ್ಲ. ಉಳಿದದ್ದು 19ನೆಯ ವರ್ಣತಂತುವಿನ ಅಪೊಇ. ಅದರ ನಾಲ್ಕನೆಯ ರೂಪ ಅಪಾಯವನ್ನು ಹೆಚ್ಚಿಸುತ್ತದೆ, ಅಷ್ಟೆ. ಅದಿದ್ದೂ ಕೊನೆಯವರೆಗೆ ನೆನಪು ಕಳೆದುಕೊಳ್ಳದವರಿದ್ದಾರೆ, ಅದಿಲ್ಲದೆ ಮಕ್ಕಳ ಹೆಸರು ಮರೆತವರೂ ಇದ್ದಾರೆ. ಅಪಾಯದ ಈ ಲೆಕ್ಕಗಳಲ್ಲಿ ಹೆಚ್ಚಿನವು ಐರೋಪ್ಯ ಮೂಲದವರ ರಕ್ತದಿಂದ ಬಂದವು. ನಮ್ಮವರ ಲೆಕ್ಕಕ್ಕಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಳ ಕಾಲ ಹಿಂಬಾಲಿಸುತ್ತಿದೆ. 10,000 ಮಂದಿಯ ಗುರಿ. ಮಾವಿಗೆ ಹೆಸರಾದ ಊರು ಮರೆವಿನ ಅಧ್ಯಯನಕ್ಕೂ ಹೆಸರಾಗುತ್ತಿರುವುದು ನನಗೆ ವಿಚಿತ್ರವಾಗಿಯೂ ಸಮಾಧಾನವಾಗಿಯೂ ಕಾಣುತ್ತದೆ.

ಅವ್ವನಿಗೆ ವೈದ್ಯರು ಬರೆದುಕೊಟ್ಟದ್ದು ಬಿ12, ಥೈರಾಯ್ಡ್, ಎಂಆರ್‌ಐ. ಸರಿಪಡಿಸಬಹುದಾದ ಮರೆವೂ ಇರುತ್ತದೆ, ಅದನ್ನು ಮೊದಲು ನೋಡಬೇಕು ಎಂದರು. 1901ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಅಲೋಯಿಸ್ ಅಲ್‌ಝೈಮರ್ ಕೂಡ 51ರ ಆಗುಸ್ಟೆ ಡೆಟರಳ ಎದುರು ಕುಳಿತು ಪ್ರಶ್ನೆ ಕೇಳುತ್ತ, ಉತ್ತರಗಳನ್ನು ಬರೆದುಕೊಳ್ಳುತ್ತಲೇ ಆರಂಭಿಸಿದ್ದ.

ಹಾಗಾದರೆ ಅಪೊಇ ವರದಿ ಯಾರಿಗಾಗಿ? ಅವ್ವನ ಆರೈಕೆಯಲ್ಲಿ ಅದರಿಂದ ಸದ್ಯಕ್ಕೆ ಏನೂ ಬದಲಾಗದು. ಅದು ಮಾತನಾಡುವುದು ನಮ್ಮಿಬ್ಬರ ಕುರಿತು. ಒಪ್ಪಿಗೆ ಪತ್ರಕ್ಕೆ ಸಹಿ ಅವ್ವನದು, ಅದರಿಂದ ತೆರೆದುಕೊಳ್ಳುವುದು ಮಕ್ಕಳ ಗುಟ್ಟು. ಡಿಎನ್‌ಎ ರಚನೆಯನ್ನು ಕಂಡುಹಿಡಿದವರಲ್ಲೊಬ್ಬನಾದ ಜೇಮ್ಸ್ ವಾಟ್ಸನ್ 2007ರಲ್ಲಿ ತನ್ನ ಇಡೀ ವಂಶವಾಹಿ ನಕ್ಷೆಯನ್ನು ಪ್ರಕಟಿಸಲು ಒಪ್ಪಿದರೂ ಅಪೊಇ ಒಂದನ್ನು ತನಗೂ ತಿಳಿಸಬಾರದೆಂದ. ಅವನ ಅಜ್ಜಿಗೆ ಅಲ್‌ಝೈಮರ್ ಇತ್ತು.

ಇದನ್ನೆಲ್ಲ ಹೇಳಿದಾಗ ತಂಗಿ ತುಸು ಹೊತ್ತು ಮಾತಾಡಲಿಲ್ಲ. “ಹಂಗಾದ್ರ ಅವ್ವಂದು ಬ್ಯಾಡ,” ಎಂದಳು. “ನಂದು ನಾ ಮಾಡಿಸ್ಕೋತೇನಿ.”

ಮಾಡಿಸಿಕೋ, ಆದರೆ ನನಗೆ ಹೇಳಬೇಡ ಎಂದೆ. ನಲವತ್ತೇಳರ ನನಗೆ ಈಗೀಗ ಸಹೋದ್ಯೋಗಿಗಳ ಹೆಸರು ನಾಲಿಗೆಯ ತುದಿಯಲ್ಲಿ ನಿಂತುಬಿಡುತ್ತದೆ. ಬರುವ ಭಾನುವಾರ ಅವಳು ಫೋನು ಮಾಡಿದಾಗ ದನಿಯಲ್ಲಿ ನಾನೇನು ಹುಡುಕುವೆನೋ.