ಉದಗೀರದ ಕೋಟೆಯೂ ಕವಾಯತಿನ ಹೆಜ್ಜೆಯೂ

ಉಮರ್ಗಾದಿಂದ ಈಶಾನ್ಯಕ್ಕೆ ಹೊರಟರೆ ನೀಲಕಂಠೇಶ್ವರ ದೇವಾಲಯದ ನಿಲಂಗಾ, ಅದರಾಚೆ ಉದಗೀರ. ಇವೆರಡೂ 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದ ಊರುಗಳು. ನಮ್ಮ ನುಡಿಗೆ ಇವು ಪರಸ್ಥಳಗಳಲ್ಲ.

ಕಂದಕ ದಾಟಿ ಉದಗೀರದ ಕೋಟೆಯನ್ನು ಹೊಕ್ಕವರು ಉದಯಗಿರಿ ಬಾಬಾರ ಸಮಾಧಿಗೆ ಕೈಮುಗಿಯುವರು. ಈ ಪರಿಸರದಲ್ಲಿಯೇ 1760ರ ಫೆಬ್ರುವರಿಯಲ್ಲಿ ಸದಾಶಿವರಾವ್ ಭಾವೂ ನಿಜಾಮನ ಸೈನ್ಯವನ್ನು ಸೋಲಿಸಿದನು. ಆ ಗೆಲುವಿನಲ್ಲಿ ಇಬ್ರಾಹಿಂಖಾನ್ ಗಾರ್ದಿಯ ಪಾಲು ದೊಡ್ಡದು. ಅವನ ಕಾಲಾಳುಗಳೂ ತೋಪಿನವರೂ ಫ್ರೆಂಚರ ಮಾದರಿಯ ಕವಾಯತಿನಲ್ಲಿ ಪಳಗಿದವರು.

ಹೆಜ್ಜೆಗೆ ಹೆಜ್ಜೆ ಕೂಡಿಸುವುದು ಬರಿಯ ಮೆರವಣಿಗೆಯ ಶೋಭೆಯಲ್ಲ. ಅಂದಿನ ಬಂದೂಕಿಗೆ ಪ್ರತಿಸಲವೂ ಮದ್ದುಗುಂಡು ತುಂಬಬೇಕು. ಅಷ್ಟು ಹೊತ್ತೂ ಏರಿಬರುವ ಕುದುರೆಗಳೆದುರು ಸಾಲು ಕದಲಕೂಡದು. ಇದಕ್ಕೆ ಒಬ್ಬೊಬ್ಬನ ಧೈರ್ಯ ಸಾಲದು. ನಿತ್ಯದ ಅಭ್ಯಾಸವೇ ಅಂಜಿದ ಕಾಲನ್ನು ನೆಲದಲ್ಲಿ ನಿಲ್ಲಿಸುವುದು.

1761ರ ಜನವರಿ 14ರಂದು ಪಾಣಿಪತ್ತಿನಲ್ಲಿ ಇದೇ ಗಾರ್ದಿಗಳು ಸಾಲುಗಟ್ಟಿ ರೋಹಿಲರನ್ನು ಹಿಮ್ಮೆಟ್ಟಿಸಿದರು. ಆದರೆ ಉಳಿದ ಸೈನ್ಯಕ್ಕೆ ಆ ಶಿಸ್ತಿರಲಿಲ್ಲ. ದಳದ ಬಹುಪಾಲು ಮಡಿಯಿತು. ಸೆರೆಸಿಕ್ಕ ಇಬ್ರಾಹಿಂಖಾನನು ಹತನಾದನು.

ಉದಗೀರದ ಗೆಲುವನ್ನು ನೆನೆಯುವಾಗ ಪಾಣಿಪತ್ತಿನ ಪಾಠವನ್ನೂ ನೆನೆಯಬೇಕು: ಒಂದು ಅಂಗ ಕಲಿತ ಶಿಸ್ತು ಇಡೀ ದೇಹವನ್ನು ಕಾಯಲಾರದು.